ಮೂರನೆಯ ಸಲ ಕೇಳದ ಸರಕಾರ

ನಮ್ಮ ನಿಂಬಿಹಾಳದಲ್ಲಿ ಮಧ್ಯಾಹ್ನದ ಹೊತ್ತಿಗೆ ಯಾರ ಮನೆಗಾದರೂ ಹೋಗಿ ನೋಡಿ. "ಬರ್ರಿ, ಊಟ ಮಾಡ್ರಿ" ಅನ್ನುತ್ತಾರೆ. ಹಸಿವಿನಿಂದ ಕಣ್ಣು ಕತ್ತಲಿಡುತ್ತಿದ್ದರೂ ನೀವು "ಬ್ಯಾಡ್ರಿ, ಈಗ ಉಂಡ ಬಂದೇನಿ" ಅನ್ನಬೇಕು. ಅವರು ಇನ್ನೊಮ್ಮೆ ಕರೆಯುತ್ತಾರೆ. ನೀವು "ಅಯ್ಯ, ಖರೇನ ಬ್ಯಾಡ್ರಿ" ಎಂದು ಹೊಟ್ಟೆ ಸವರಿಕೊಳ್ಳಬೇಕು. ಮೂರನೆಯ ಸಲ ಅವರು ಕೈ ಹಿಡಿದು ಎಳೆದಾಗ, "ನೀವು ಇಷ್ಟ ಹೇಳೂದಾದ್ರ ಒಂದರ್ಧ ರೊಟ್ಟಿ ಹಾಕ್ರಿ" ಎಂದು ಕೂತು, ಬುಟ್ಟಿ ಬರಿದಾಗುವವರೆಗೆ ಹೊಡೆಯಬೇಕು. ಮೊದಲನೆಯ ಸಲಕ್ಕೇ ಹೂಂ ಅಂದವನನ್ನು ನಾವು ಹೊಟ್ಟೆಬಾಕ ಅನ್ನುತ್ತೇವೆ. ಎರಡು ಸಲ ಕರೆದು ಸುಮ್ಮನಾದ ಮನೆಯವನನ್ನು ಏನನ್ನುತ್ತೇವೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಈ ಪದ್ಧತಿಯಲ್ಲಿ ಯಾವ ದೋಷವೂ ಇಲ್ಲ. ನಮ್ಮ ಅಜ್ಜ, ಮುತ್ತಜ್ಜ ಎಲ್ಲರೂ ಹೀಗೆಯೇ ಬ್ಯಾಡ ಬ್ಯಾಡ ಅನ್ನುತ್ತ ದಷ್ಟಪುಷ್ಟವಾಗಿ ಬಾಳಿ ಹೋದರು. ಕೆಟ್ಟದ್ದಾದದ್ದು ಸರಕಾರ ನಮ್ಮೂರಿಗೆ ಬಂದು "ನಿಮಗೆ ಏನು ಬೇಕು?" ಎಂದು ಕೇಳಿದ ದಿವಸ. ಅದೂ ಬಸಂತರಾಯನನ್ನು ಕೇಳಿದ್ದರಿಂದ.

ಬಸಂತರಾಯ ನಮ್ಮ ಓಣಿಯವನು. ನನ್ನ ಕಿರಾಣಿ ಅಂಗಡಿಯ ಕಟ್ಟೆ ಸವೆದಿರುವುದರಲ್ಲಿ ಮುಕ್ಕಾಲು ಪಾಲು ಅವನದೇ. ಒಂದು ಸಲ ಯಾವುದೋ ಹೊಲದ ತಕರಾರಿಗೆ ಸಾಕ್ಷಿ ಹೇಳಲು ಬಿಜಾಪುರಕ್ಕೆ ಹೋದವನು, ಕೋರ್ಟಿನ ಬದಲು ಬೇರೊಂದು ಕಟ್ಟಡ ಹೊಕ್ಕಿದ್ದ. ಅಲ್ಲಿ ಅಧಿಕಾರಿಗಳ ಸಭೆ ನಡೆದಿತ್ತು. ಇವನ ಜರಿ ರುಮಾಲು ನೋಡಿ ಯಾರೋ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಹೋಗುವಾಗ ಒಂದು ಚೆಂಡುಹೂವನ್ನೂ ಕೊಟ್ಟರು. ಹೊಲದ ತಕರಾರು ಸೋತಿತು. ಆದರೆ ಬಸಂತರಾಯ ಗೆದ್ದು ಬಂದ. ಅಂದಿನಿಂದ ಊರಲ್ಲಿ ಸರಕಾರದ ಮಾತು ಬಂದರೆ ಅವನು ಕಣ್ಣು ಅರ್ಧ ಮುಚ್ಚಿ, "ಸರಕಾರದ ಕೂಡ ಮಾತಾಡೂದು ಹಗರ ಕೆಲಸ ಅಲ್ಲಪಾ. ಅದಕ್ಕೊಂದು ರೀತಿ ಐತಿ" ಅನ್ನುತ್ತಿದ್ದ. ಆ ರೀತಿ ಯಾವುದು ಎಂದು ನಾವು ಕೇಳಲಿಲ್ಲ. ಅದು ನಮ್ಮ ತಪ್ಪು.

ದೊಡ್ಡ ಬರ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಮಳೆ ಚೆನ್ನಾಗಿ ಬರುತ್ತಿತ್ತು, ಜೋಳ ಆಳೆತ್ತರ ಬೆಳೆಯುತ್ತಿತ್ತು, ನಾವು ಸುಖವಾಗಿಯೇ ಇದ್ದೆವು. ಕುಡಿಯುವ ನೀರಿನದೊಂದೇ ತಾಪತ್ರಯ. ಊರ ಬಾವಿಯ ನೀರು ಸವಳು, ಬಟ್ಟೆ ಒಗೆದರೆ ನೊರೆ ಏಳುವುದಿಲ್ಲ. ಸಿಹಿನೀರಿಗೆ ಹಳ್ಳಕ್ಕೇ ಹೋಗಬೇಕು. ಅಲ್ಲಿ ಉಸುಕಿನಲ್ಲಿ ತೋಡಿದ ಗುಂಡಿಯಲ್ಲಿ, ಅದಕ್ಕೆ ನಾವು ವರತಿ ಅನ್ನುತ್ತೇವೆ, ನೀರು ಒಸರುವುದನ್ನು ಕಾದು, ಚರಗಿಯಿಂದ ತೋಡಿ ತೋಡಿ ಕೊಡ ತುಂಬಿಸಬೇಕು. ಒಲೆಯ ಮೇಲೆ ಬೇಳೆ ಇಟ್ಟು ನೀರಿಗೆ ಹೋದ ಹೆಂಗಸು ತಿರುಗಿ ಬರುವಷ್ಟರಲ್ಲಿ ಬೇಳೆ ಬೆಂದು, ಸೀದು, ಪಾತ್ರೆಯೂ ಕರಕಲಾಗಿರುತ್ತಿತ್ತು. ಗಂಡಸರಾದ ನಮಗೆ ಇದು ತಾಪತ್ರಯ ಎಂದು ಗೊತ್ತಿತ್ತು, ಆದರೆ ಅದರ ಭಾರ ಗೊತ್ತಿರಲಿಲ್ಲ.

ಹೀಗಿರುವಾಗ ಪಂಚಾಯಿತಿ ಚೇರಮನ್ ರಾಚಪ್ಪ ಒಂದು ಸುದ್ದಿ ತಂದ. ನೆಲ ಕೊರೆದು ಬೋರಿಂಗ್ ಹಾಕುವ ಯಂತ್ರ ನಮ್ಮ ಕಡೆ ಬರುತ್ತಿದೆ. ಯಾವ ಊರಿಗೆ ಹಾಕಬೇಕು, ಎಲ್ಲಿ ಹಾಕಬೇಕು ಎಂದು ಜನರನ್ನೇ ಕೇಳಲು ಅಭಿವೃದ್ಧಿ ಖಾತೆಯ ಸಾಹೇಬರು ಸ್ವತಃ ಬರುತ್ತಾರೆ.

"ಮಂದೀನ ಕೇಳ್ತಾರಂತ?" ನನ್ನ ತಾಯಿ ಸಿದ್ದವ್ವ ಕಿವಿಯ ಹಿಂದೆ ಕೈ ಇಟ್ಟುಕೊಂಡು ಕೇಳಿದಳು. "ಹೊಲದ ಸಾರಾ-ಕಂದಾಯ ಕಟ್ಟೂದು ಬಿಟ್ರ ಸರಕಾರ ನಮ್ಮನ್ನ ಏನೂ ಕೇಳಿದ್ದಿಲ್ಲಲ್ಲೋ ಚಂದ್ರಾಮ!"

"ಅದಕ್ಕ ಅಂತೇನಿ," ಎಂದ ಬಸಂತರಾಯ. "ಕೇಳಾಕ ಬಂದವರಿಗೆ ಹೇಳಾಕ ಗೊತ್ತಿದ್ದಾಂವ ಬೇಕು. ನೀವು ಎಲ್ಲಾರೂ ಬಾಯಿ ಮುಚ್ಚಿಕೊಂಡ ಕೂಡ್ರಿ. ನಾ ಮಾತಾಡ್ತೇನಿ."

ಅವತ್ತು ಮನೆಯಲ್ಲಿ ಅವನ ಹೆಂಡತಿ ಗುರವ್ವ ಅವನ ರುಮಾಲು ಒಗೆದು ಒಣಹಾಕುತ್ತ ಹೇಳಿದ ಮಾತು ಗೋಡೆಯಾಚೆ ಇದ್ದ ನನಗೂ ಕೇಳಿಸಿತು. "ನೋಡ್ರಿ, ನಾ ಲಗ್ನ ಆಗಿ ಬಂದಾಗಿಂದ ಹಳ್ಳದ ನೀರು ಹೊರಾಕತ್ತೇನಿ. ನನ್ನ ನೆತ್ತಿ ಮ್ಯಾಲ ಕೂದಲ ಉಳದಿಲ್ಲ. ನೀವು ಒಂದ ಕೆಲಸ ಮಾಡ್ರಿ ಸಾಕು. ಬೋರಿಂಗ ಬೇಕು ಅನ್ರಿ."

"ಅಷ್ಟ ಹೌದಲ್ಲ! ಅದೇನ ದೊಡ್ಡ ಮಾತು!" ಎಂದ ಬಸಂತರಾಯ.

ಸಾಹೇಬರು ಜೀಪಿನಲ್ಲಿ ಬಂದರು. ಮೈಸೂರು ಕಡೆಯ ಎಳೆ ಹುಡುಗ, ಕನ್ನಡಕ, ಬಿಸಿಲಿಗೆ ಕೆಂಪಾದ ಮೂಗು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಶಾಲೆಯಿಂದ ತಂದ ಕುರ್ಚಿ ಹಾಕಿದ್ದೆವು. ಗಂಡಸರೆಲ್ಲ ಕೆಳಗೆ ಕೂತಿದ್ದರು. ಹೆಂಗಸರು ಗುಡಿಯ ಗೋಡೆಯ ಹಿಂದೆ ನಿಂತಿದ್ದರು. ಅವರನ್ನು ಮುಂದೆ ಬನ್ನಿ ಎಂದು ಯಾರೂ ಅನ್ನಲಿಲ್ಲ, ಮೂರು ಸಲ ಹೋಗಲಿ, ಒಂದು ಸಲವೂ.

ಸಾಹೇಬರು ಎದ್ದು ನಿಂತು ಮೃದುವಾಗಿ ಹೇಳಿದರು. "ಇನ್ಮೇಲೆ ನಾವೇ ತೀರ್ಮಾನ ಮಾಡಿ ಊರಿನ ಮೇಲೆ ಹೇರಬಾರದು ಅಂತ ನನ್ನಾಸೆ. ಜನ ಏನು ಹೇಳ್ತಾರೋ ಅದೇ ಆಗಬೇಕು. ನಾನು ನಿಮ್ಮ ಬಾಯಿಗೆ ಮಾತು ತುರುಕೋದಿಲ್ಲ. ನೀವೇ ಹೇಳಿ. ನಿಮ್ಮೂರಿಗೆ ಏನು ಬೇಕು?"

ಎಲ್ಲರೂ ಬಸಂತರಾಯನ ಕಡೆ ನೋಡಿದರು. ಬಸಂತರಾಯ ಎದ್ದ. ರುಮಾಲು ಮುಟ್ಟಿ ನೋಡಿಕೊಂಡ. ಗಂಟಲು ಸರಿಮಾಡಿಕೊಂಡ. ಊರಿಗೆ ಬಂದ ದೊಡ್ಡವರು, ಎದುರಿಗೆ ನಿಂತು, ನಗುತ್ತ, ಏನು ಬೇಕು ಅನ್ನುತ್ತಿದ್ದಾರೆ. ನಿಂಬಿಹಾಳದಲ್ಲಿ ಹುಟ್ಟಿದ ಮನುಷ್ಯನ ನಾಲಿಗೆಗೆ ಅದಕ್ಕೆ ಒಂದೇ ಉತ್ತರ ಗೊತ್ತು.

"ಸಾಹೇಬ್ರ, ನೀವು ಇಷ್ಟ ದೂರ ಬಿಸಲಾಗ ಬಂದ್ರಿ. ನಮ್ಮೂರ ಮಣ್ಣ ತುಳದ್ರಿ. ನಮಗ ಅಷ್ಟ ಸಾಕು. ಏನೂ ಬ್ಯಾಡ್ರಿ!"

"ಹೌದ್ರಿ, ಹೌದ್ರಿ," ಎಂದು ಊರೆಲ್ಲ ತಲೆ ಆಡಿಸಿತು. ನಾನೂ ಆಡಿಸಿದೆ. ಎಷ್ಟು ನಾಜೂಕಾಗಿ ಅಂದ ಎಂದು ನನಗೆ ಹೆಮ್ಮೆಯೇ ಆಯಿತು.

ಸಾಹೇಬರು ಕಣ್ಣು ಪಿಳಿಪಿಳಿ ಬಿಟ್ಟರು. "ಏನೂ ಬೇಡವೇ? ಬೋರಿಂಗ್ ಕೂಡ ಬೇಡವೇ?"

"ಅಯ್ಯ, ಅದಕ್ಯಾಕ್ರಿ ತ್ರಾಸ ತಗೋತೀರಿ! ಹಳ್ಳ ಐತಿ, ವರತಿ ಐತಿ. ನಮಗೇನ ಕಡಿಮಿ ಆಗೇತ್ರಿ?"

ಎರಡು ಮುಗಿಯಿತು. ಈಗ ಮೂರನೆಯದು. ಊರಿಗೆ ಊರೇ ಮುಂದಕ್ಕೆ ಬಾಗಿತು. ರಾಚಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ಗೋಡೆಯ ಹಿಂದೆ ಬಳೆಯ ಸದ್ದು ಅಡಗಿತು. ಬಸಂತರಾಯ ಆಗಲೇ ತಲೆ ತಗ್ಗಿಸಿ, ನಾಚಿಕೆಯ ನಗು ತಂದುಕೊಂಡು, "ನೀವು ಇಷ್ಟ ಹೇಳೂದಾದ್ರ" ಎಂದು ಅನ್ನಲು ತುಟಿ ಬಿಚ್ಚಿದ್ದ.

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಎಷ್ಟೋ ಊರು ಸುತ್ತಿದ್ದೀನಿ. ಎಲ್ಲರೂ ಅದು ಬೇಕು ಇದು ಬೇಕು ಅಂತಾರೆ. ಇಂಥ ತೃಪ್ತ ಜನರನ್ನ ನಾನು ಕಂಡೇ ಇರಲಿಲ್ಲ. ಆಯ್ತು. ನಿಮ್ಮ ಮಾತೇ ಕೊನೆ." ಕೈ ಮುಗಿದರು, ಜೀಪು ಹತ್ತಿದರು, ಹೊರಟೇಬಿಟ್ಟರು.

ಬಸಂತರಾಯನ ತುಟಿ ತೆರೆದೇ ಇತ್ತು. ಆಮೇಲೆ ಅವನು ಓಡಿದ. ಧೂಳಿನಲ್ಲಿ ರುಮಾಲು ಬಿಚ್ಚಿಕೊಂಡು, "ಸಾಹೇಬ್ರ! ಇನ್ನೊಂದ ಸಲ! ಇನ್ನೊಂದ ಸಲ್ರಿ!" ಎಂದು ಕೂಗುತ್ತ ಓಡಿದ. ಸಾಹೇಬರು ಜೀಪಿನಿಂದ ಹಿಂದೆ ತಿರುಗಿ, ಪ್ರೀತಿಯಿಂದ ಕೈ ಬೀಸಿದರು.

"ಎಂಥಾ ಮನಶ್ಯಾ ಅಂತೇನಿ," ಎಂದ ಬಸಂತರಾಯ ತಿರುಗಿ ಬಂದು, ಏದುಸಿರು ಬಿಡುತ್ತ. "ಎರಡ ಸಲ ಕೇಳಿ ಎದ್ದ ಹೋದನಲ್ಲಪಾ! ಅವರ ಮನ್ಯಾಗ ಯಾರೂ ಹೇಳಿಕೊಟ್ಟಿಲ್ಲೇನು?"

ಮೂರನೆಯ ಸಲ ಕೇಳಲು ಇನ್ನೊಂದು ದಿನ ಬರುತ್ತಾರೆ, ಮರ್ಯಾದಸ್ಥರ ಲಕ್ಷಣ ಅದು, ಎಂದು ಅವನು ಎಲ್ಲರಿಗೂ ಸಮಾಧಾನ ಹೇಳಿದ. ಆದರೆ ಅಂದಿನಿಂದ ಗುರವ್ವ ಅವನ ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟಳು.

ಬಂದದ್ದು ಸಾಹೇಬರಲ್ಲ, ಬಳೆಗಾರ ಯಾಕೂಬಸಾಬ. ತಾಂಬಾದಿಂದ ಸಿಂದಗಿಯವರೆಗೆ ಊರೂರು ತಿರುಗುವ ಅವನಿಗೆ ಗೊತ್ತಿಲ್ಲದ ಸುದ್ದಿ ಇಲ್ಲ. ಗುರವ್ವನ ಕೈ ಹಿಡಿದು ಬಳೆ ಏರಿಸುತ್ತ, "ತಂಗೀ, ನಿಮ್ಮೂರ ಹೆಸರು ಭಾಳ ದೊಡ್ಡದಾಗೇತಿ ಬಿಡು. ನಿಂಬಿಹಾಳದವರಿಗಿ ಏನೂ ಬ್ಯಾಡಂತ, ಹೋದಲ್ಲೆಲ್ಲಾ ಸಾಹೇಬ್ರು ಹೇಳಾಕತ್ಯಾರ. ನಿಮ್ಮ ಪಾಲಿನ ಬೋರಿಂಗ ಬ್ಯಾರೇ ಊರಿಗಿ ಹೋತು" ಎಂದ.

"ಯಾವ ಊರಿಗ್ರಿ ಕಾಕಾ?"

"ನಿನ್ನ ತವರಿಗೇ ಹೋಗೇತಿ! ನಿಮ್ಮ ಮನಿ ಮುಂದ ಕುಂತೈತಿ. ನಿಮ್ಮ ಅಣ್ಣನ ಹೇಣ್ತಿ, ನಿಮ್ಮ ವೈನಿ, ಒಂದ ಕೈಲೆ ನೀರ ಜಗ್ಗತಾಳ, ಇನ್ನೊಂದ ಕೈಲೆ ಬಾಯಾಗ ಅಡಕಿ ಹಾಕ್ಕೋತಾಳ."

ಗುರವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಹೋಗಿ ತಾಮ್ರದ ಕೊಡ ತಂದಳು. ಕಟ್ಟೆಯ ಮೇಲೆ ಕೂತಿದ್ದ ಗಂಡನ ಎದುರಿಗೆ ಅದನ್ನು ಠಣ್ ಎಂದು ಇಟ್ಟಳು. "ನೀವ ಬ್ಯಾಡಂದ್ರಿ, ನೀವ ಹೊರ್ರಿ."

ನಮ್ಮ ಕಡೆ ಗಂಡಸು ಕೊಡ ಹೊತ್ತು ಹಳ್ಳಕ್ಕೆ ಹೋಗುವುದೆಂದರೆ ಏನು ಎಂದು ಹೊರಗಿನವರಿಗೆ ತಿಳಿಸುವುದು ಕಷ್ಟ. ಬಸಂತರಾಯ ಕೊಡವನ್ನು ಹೆಗಲ ಮೇಲೆ ಇಟ್ಟ, ಜಾರಿತು. ತಲೆಯ ಮೇಲೆ ಇಟ್ಟ, ರುಮಾಲು ಒದ್ದೆಯಾಗಿ ಮುಖದ ಮೇಲೆ ಬಂತು. ಸೊಂಟದ ಮೇಲೆ ಇಟ್ಟುಕೊಂಡ, ನೋಡಿದ ಎಮ್ಮೆ ಬೆದರಿತು. ಎದುರು ಬಂದವರಿಗೆಲ್ಲ, ಅವರು ಕೇಳುವ ಮೊದಲೇ, "ಡಾಕ್ಟರ ಹೇಳ್ಯಾರಪಾ, ಬೆನ್ನಿಗಿ ಛಲೋ ಅಂತ" ಅನ್ನುತ್ತಿದ್ದ. ಮನೆ ಮುಟ್ಟುವಷ್ಟರಲ್ಲಿ ಕೊಡದಲ್ಲಿ ಅರ್ಧ ನೀರು ಉಳಿದಿರುತ್ತಿತ್ತು. ಗುರವ್ವ ಇಣುಕಿ ನೋಡಿ, "ಇನ್ನೊಂದ ಸಲ ಹೋಗ್ರಿ" ಅನ್ನುತ್ತಿದ್ದಳು.

ಕೊನೆಗೆ ರಾಚಪ್ಪ, ಬಸಂತರಾಯ ಮತ್ತು ನಾನು, ಮೂವರೂ ಸಾಹೇಬರ ಕಚೇರಿಗೆ ಹೊರಟೆವು. ನೇರವಾಗಿ ಬೇಕು ಎಂದುಬಿಡುವುದು ಎಂದು ಬಸ್ಸಿನಲ್ಲೇ ನಿರ್ಧಾರವಾಗಿತ್ತು. ಸಾಹೇಬರು ನಮ್ಮನ್ನು ನೋಡಿ ಕುರ್ಚಿಯಿಂದ ಎದ್ದರು. ಕಚೇರಿಯವರನ್ನೆಲ್ಲ ಕರೆದು, "ನೋಡ್ರಪ್ಪ, ನಾನು ಹೇಳ್ತಿದ್ದೆನಲ್ಲ, ಇವರೇ ಆ ನಿಂಬಿಹಾಳದವರು!" ಎಂದರು. ಎಲ್ಲರೂ ನಮ್ಮನ್ನು ಮಠದ ಸ್ವಾಮಿಗಳನ್ನು ನೋಡುವ ಹಾಗೆ ನೋಡಿದರು. ಸಿಪಾಯಿ ಬಿಸಿಬಿಸಿ ಚಹಾ ತಂದ.

"ತಗೊಳ್ಳಿ," ಎಂದರು ಸಾಹೇಬರು.

"ಬ್ಯಾಡ್ರಿ, ಈಗ ಕುಡದ ಬಂದೇವಿ," ಎಂದೆವು ಮೂವರೂ ಒಂದೇ ಬಾಯಿಂದ.

"ನೋಡಿದೆಯಾ? ಚಹಾ ಕೂಡ ಬೇಡ ಅಂತಾರೆ!" ಎಂದು ಸಾಹೇಬರು ಸಿಪಾಯಿಗೆ ಹೇಳಿದರು. "ಬಲವಂತ ಮಾಡಬಾರದು. ಒಳಗೆ ತಗೊಂಡು ಹೋಗು."

ನನ್ನ ಕಣ್ಣೆದುರಿಗೇ ಆ ಚಹಾ ಒಳಗೆ ಹೋಯಿತು. ಬೆಳಗಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ರಾಚಪ್ಪ ಬಸಂತರಾಯನ ತೊಡೆ ಚಿವುಟಿ, "ಹೇಳೋ" ಎಂದ. ಬಸಂತರಾಯ ಬಾಯಿ ತೆರೆಯುವ ಮೊದಲೇ ಸಾಹೇಬರು ಇನ್ನೊಂದು ಸಿಡಿಲು ಎರಗಿಸಿದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳ ಮುಖಂಡರನ್ನು ನಮ್ಮೂರು ನೋಡಲು ಕಳಿಸುತ್ತಾರಂತೆ. ಏನೂ ಬೇಡದೆ ಇರುವುದು ಹೇಗೆ ಎಂದು ಅವರು ನಮ್ಮಿಂದ ಕಲಿಯಬೇಕಂತೆ. ಕೊನೆಗೊಂದು ದಿವಸ ತಾವೇ ಬಂದು ಸಭೆ ಮಾಡಿ, ನಮಗೆ ಶಾಲು ಹೊದಿಸುತ್ತಾರಂತೆ.

ಶಾಲು ಎಂದ ಕೂಡಲೆ ಬಸಂತರಾಯನ ಮುಖ ಬದಲಾಯಿತು. "ಎಲ್ಲಾ ನಿಮ್ಮ ಕೃಪಾರಿ," ಎಂದುಬಿಟ್ಟ. ರಾಚಪ್ಪ ಬಸ್ಸಿನಲ್ಲಿ ಅವನ ಪಕ್ಕ ಕೂರಲಿಲ್ಲ.

ಮಂದಿ ಬರತೊಡಗಿದರು. ಮೊದಲು ಸಿಂದಗಿ ಕಡೆಯವರು ಬಂದರು. ಬಂದವರಿಗೆ ಕುಡಿಯಲು ನೀರು ಬೇಕು, ಕಾಲಿಗೆ ನೀರು ಬೇಕು, ಚಹಾಕ್ಕೆ ನೀರು ಬೇಕು. ನೀರು ಬೇಡ ಅಂದ ಊರನ್ನು ನೋಡಲು ಬಂದವರಿಗೆ ನೀರು ಹೊತ್ತೇ ನಮ್ಮ ಹೆಣ್ಣುಮಕ್ಕಳು ಹೈರಾಣಾದರು. ಅಷ್ಟರಲ್ಲಿ ಬಸಂತರಾಯ ಕೊಡ ಹೊತ್ತು ಅವರ ಎದುರಿಗೇ ಬಂದ. ಡಾಕ್ಟರ ಮಾತು ಹೇಳುವ ಮೊದಲೇ ಅವರಲ್ಲೊಬ್ಬ ಹಿರಿಯ ಕೈಮುಗಿದು, "ನೋಡ್ರಪಾ, ಈ ಊರಾಗ ಗಂಡಸರ ನೀರ ಹೊರತಾರ! ಹೆಣ್ಣಮಕ್ಕಳಿಗಿ ಎಷ್ಟ ಮರ್ಯಾದಿ!" ಎಂದು ಕಣ್ಣೀರು ತಂದುಕೊಂಡ.

ಇದು ಗೋಡೆಯ ಹಿಂದಿದ್ದ ಹೆಂಗಸರಿಗೆ ಕೇಳಿಸಿತು. ಮರುದಿನ ಮುದ್ದೇಬಿಹಾಳ ಕಡೆಯಿಂದ ತಂಗಡಗಿಯವರು ಬರುವವರಿದ್ದರು. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ನನ್ನ ತಾಯಿ ಕೊಡ ಹಿಡಿದು ನಿಂತಿದ್ದಳು.

"ಯವ್ವಾ, ಇದೇನ?"

"ಊರ ಮಾನದ ಮಾತೈತಿ ಚಂದ್ರಾಮ. ಬಂದವರ ಮುಂದ ಬಸಂತರಾಯ ಒಬ್ಬಾಂವ ಹೊತ್ರ ಏನಂದಾರು? ನಡಿ."

ಚೇರಮನ್ ರಾಚಪ್ಪನ ಹೆಂಡತಿಯೂ ಅದೇ ಮಾತು ಹೇಳಿದ್ದಳು. ತಂಗಡಗಿಯವರು ಬಂದಾಗ ನಿಂಬಿಹಾಳದ ಗಂಡಸರೆಲ್ಲ ಸಾಲಾಗಿ, ನೀರು ತುಳುಕಿಸಿಕೊಂಡು, ಹಲ್ಲು ಕಚ್ಚಿಕೊಂಡು ಹಳ್ಳದಿಂದ ಬರುತ್ತಿದ್ದೆವು. ಹೊಳೆಯ ದಂಡೆಯ ಆ ಮಂದಿ ಚಪ್ಪಾಳೆ ತಟ್ಟಿದರು. ನನ್ನ ಕುತ್ತಿಗೆಯಿಂದ ಕಟಕ್ ಎಂದು ಸದ್ದು ಬಂತು. ಎಂಟು ದಿವಸಗಳೊಳಗೆ ನಮ್ಮೂರಿನ ಒಬ್ಬೊಬ್ಬ ಗಂಡಸಿಗೂ ಬೋರಿಂಗ್ ಎಷ್ಟು ಅಗತ್ಯ ಎಂಬುದು ಮನದಟ್ಟಾಯಿತು. ಜನಾಭಿಪ್ರಾಯ ಹೀಗೆ ಇಷ್ಟು ಬೇಗ ಒಂದಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಾಗೇವಾಡಿ ತಾಲೂಕಿನಿಂದ ಬಂದವರಲ್ಲಿ ಹೊಳೆದಂಡೆಯ ಒಂದು ಊರಿನ ಮುದುಕನಿದ್ದ. ಎಲ್ಲರೂ ಚಹಾ ಕುಡಿಯುವಾಗ ಅವನು ಬಸಂತರಾಯನ ಹಿಂದೆ ಹಳ್ಳಕ್ಕೆ ನಡೆದು ಬಂದ. ನಾನೂ ಅಲ್ಲೇ ವರತಿಯಲ್ಲಿ ಚರಗಿ ಹಿಡಿದು ಕೂತಿದ್ದೆ.

"ಖರೇನ ನಿಮಗ ಬ್ಯಾಡೇನೋ ತಮ್ಮಾ?" ಎಂದ ಮುದುಕ.

ಬಸಂತರಾಯ ಕೊಡವನ್ನು ಉಸುಕಿನಲ್ಲಿ ಊರಿದ.

"ಡ್ಯಾಮ್ ಆದ್ರ ನಮ್ಮೂರ ಮುಳಗತೈತಿ ಅಂತ ಮಂದಿ ಮಾತಾಡ್ತಾರ. ಎಲ್ಲಿ ಹೋಗೂದು, ಗುಡಿ ಎಲ್ಲಿ ಕಟ್ಟೂದು, ಹೊಸಾ ಮನಿ ಯಾವ ದಿಕ್ಕಿಗಿ ಇರೂದು, ಎಲ್ಲಾ ತಲ್ಯಾಗ ತುಂಬಿಕೊಂಡ ಕುಂತೇನಿ. ಯಾರರ ಬಂದು, ಅಜ್ಜಾ ನಿನಗ ಏನ ಬೇಕು ಅಂತ ಕೇಳ್ತಾರೇನು ಅಂತ ದಾರಿ ಕಾಯಾಕತ್ತೇನಿ. ನಿಮ್ಮನ್ನ ಕೇಳಿದ್ರು. ನೀವು ಬ್ಯಾಡಂದ್ರಿ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಧೋತರ ಕೊಡವಿಕೊಂಡು ಹೊರಟುಹೋದ. ಬಸಂತರಾಯ ಉಸುಕಿನ ಮೇಲೆ ಕೂತುಬಿಟ್ಟ. ಅವನ ಮುಖ ನೋಡಿ ನನಗೆ ಮೊದಲ ಸಲ ಅಯ್ಯೋ ಅನಿಸಿತು.

ಮರುದಿನದಿಂದ ಅವನ ಹಿತ್ತಲಲ್ಲಿ ವಿಚಿತ್ರ ಸದ್ದು ಕೇಳತೊಡಗಿತು. ಇಣುಕಿ ನೋಡಿದರೆ ಬಸಂತರಾಯ ತನ್ನ ಎತ್ತಿನ ಎದುರಿಗೆ ಕೈಕಟ್ಟಿ ನಿಂತು, "ಬೇಕ್ರಿ. ಸಾಹೇಬ್ರ, ಬೇಕ್ರಿ" ಅನ್ನುತ್ತಿದ್ದ. ಎತ್ತಿನ ಎದುರಿಗೆ ಚೆನ್ನಾಗಿಯೇ ಬರುತ್ತಿತ್ತು.

ಶಾಲಿನ ದಿವಸ ಬಂತು. ಮೂರೂ ತಾಲೂಕಿನ ಮುಖಂಡರು ಬಂದರು, ಸಾಹೇಬರು ಬಂದರು. ಸಭೆಗೆ ಮೊದಲು ಊಟ. ಅಡುಗೆಯ ಉಸ್ತುವಾರಿ ಗುರವ್ವನದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಜೊತೆಗೆ ಕೆಂಪು ಮೆಣಸಿನಕಾಯಿ ಅರೆದ ರಂಜಕ. ಅವತ್ತಿನ ರಂಜಕ ಅವಳೇ ಕೈಯಾರೆ ಅರೆದದ್ದು. ನಾನು ಮೂಸಿಯೇ ಸೀನಿದೆ. ಸಾಹೇಬರು ಇದು ಟೊಮೆಟೊ ಎಂದು ತಿಳಿದಿರಬೇಕು, ರೊಟ್ಟಿಯ ತುಂಬ ಹಚ್ಚಿಕೊಂಡು ತಿಂದರು. ಮೂಗು ಕೆಂಪಾಯಿತು, ಕಿವಿ ಕೆಂಪಾಯಿತು. ಎಡಗೈಯಿಂದ ಲೋಟ ಹುಡುಕಿದರು. ಲೋಟ ಇರಲಿಲ್ಲ. ಯಾರ ಎದುರಿಗೂ ಇರಲಿಲ್ಲ.

ಬಾಯಿ ಉರಿಯುತ್ತಿದ್ದರೂ ಸಾಹೇಬರಿಗೆ ಸಭೆಯ ಮಾತೇ ತಲೆಯಲ್ಲಿತ್ತು. "ರಾಯರೇ, ಹಾ... ಎಲ್ಲರ ಎದುರಿಗೆ ಹೇಳಿ. ಇವತ್ತಿಗೂ ನಿಮಗೆ, ಹಾ... ಏನೂ ಬೇಡ ತಾನೆ?" ಎಂದರು.

ಬಸಂತರಾಯ ಎದ್ದ. "ಬೇ..." ಎಂದ. ಮೂರು ತಾಲೂಕು ನೋಡುತ್ತಿತ್ತು. "ಬೇ... ಬೇ..." ಎಂದ. ಕಟ್ಟೆಯ ಕೆಳಗಿದ್ದ ಆಡು ತಲೆ ಎತ್ತಿ ಉತ್ತರ ಕೊಟ್ಟಿತು. ಬಸಂತರಾಯನ ಹಣೆಯಿಂದ ಬೆವರು ಇಳಿಯಿತು, ಮಾತು ಮಾತ್ರ ಇಳಿಯಲಿಲ್ಲ.

ಆಗ ಗೋಡೆಯ ಹಿಂದಿನಿಂದ ಗುರವ್ವ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿದಾದ ಕೊಡವನ್ನು ತಂದು ಸಾಹೇಬರ ಎದುರಿಗೆ ಠಣ್ ಎಂದು ಇಟ್ಟಳು.

"ಸಾಹೇಬ್ರ, ಕುಡ್ಯಾಕ ನೀರು ಬೇಕೇನ್ರಿ?"

"ಬೇಕಮ್ಮ! ಬೇಕು!"

"ನೋಡ್ರಿ!" ಎಂದಳು ಗುರವ್ವ, ಗಂಡನ ಕಡೆ ತಿರುಗಿ. "ನೀರಡಿಸಿದಾಂವ ಹೆಂಗ ಹೇಳ್ತಾನ ಕೇಳಿದ್ರಿ? ಮೂರ ಸಲ ಕೇಳಬೇಕಾತೇನು?" ಆಮೇಲೆ ಸಾಹೇಬರಿಗೆ, "ಬರ್ರಿ, ತರೂಣು" ಎಂದು ಕೊಡ ಸೊಂಟಕ್ಕಿಟ್ಟು ಹೊರಟಳು.

"ಎಲ್ಲಿಗೆ?"

"ನೀರಿಗಿ."

ಬಾಯಿಗೆ ಬೆಂಕಿ ಬಿದ್ದವನು ಪ್ರಶ್ನೆ ಕೇಳುತ್ತ ನಿಲ್ಲುವುದಿಲ್ಲ. ಸಾಹೇಬರು ಎಂಜಲು ಕೈಯಲ್ಲೇ ಅವಳ ಹಿಂದೆ ಓಡಿದರು. ಅವರ ಹಿಂದೆ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮುಖಂಡರು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತ, ಅವರ ಹಿಂದೆ ನಾವು, ನಮ್ಮ ಹಿಂದೆ ಊರ ಹೆಂಗಸರು. ಊರು ದಾಟಿತು, ನಿಂಬೆಯ ತೋಟ ದಾಟಿತು, ಏರು ಹತ್ತಿ ಇಳಿದದ್ದೂ ಆಯಿತು. "ಇನ್ನೂ ಎಷ್ಟು ದೂರಮ್ಮ?" ಎಂದು ಸಾಹೇಬರು ಅಳುವ ದನಿಯಲ್ಲಿ ಕೇಳಿದರೆ, "ಬಂತ ಬಂತ, ನಾವು ದಿನಾ ಬರ್ತೇವಲ್ರಿ" ಅನ್ನುತ್ತಿದ್ದಳು. ವರತಿಯ ಹತ್ತಿರ ಕೆಳಗಿನ ಓಣಿಯ ಅಬಿದಾ ಕೂತಿದ್ದಳು. ಅವಳ ಸರದಿ ನಡೆದಿತ್ತು. ಚರಗಿಯ ತಳ ಮುಚ್ಚುವಷ್ಟು ನೀರು ಒಸರುವುದನ್ನು ಸಾಹೇಬರು ಕಣ್ಣು ಬಿಟ್ಟುಕೊಂಡು ಕಾದರು. ಅಬಿದಾ ತನ್ನ ಸರದಿಯ ನೀರನ್ನೇ ಅವರ ಬೊಗಸೆಗೆ ಸುರಿದಳು.

ಸಾಹೇಬರು ಕುಡಿದು, ಉಸುಕಿನ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡರು. ಸುತ್ತಲಿನ ಕೊಡಗಳನ್ನು ನೋಡಿದರು. ನಮ್ಮ ಕುತ್ತಿಗೆಗಳನ್ನು ನೋಡಿದರು. "ಮತ್ತೆ ಅವತ್ತು ಯಾಕೆ ಬೇಡ ಅಂದಿರಿ?"

ಎಲ್ಲರೂ ಬಸಂತರಾಯನ ಕಡೆ ನೋಡಿದರು. ಅವನು ನೆಲ ನೋಡುತ್ತ, ಮಗುವಿನ ಹಾಗೆ ಹೇಳಿದ. "ನೀವು ಇನ್ನೊಂದ ಸಲ ಕೇಳಬೇಕಾಗಿತ್ರಿ."

ನಮ್ಮ ಪದ್ಧತಿಯನ್ನು ರಾಚಪ್ಪ ಬಿಡಿಸಿ ಹೇಳಿದ. ಕಚೇರಿಯ ಚಹಾದ ಮಾತನ್ನು ನಾನು ಬಿಡಿಸಿ ಹೇಳಿದೆ. ಸಾಹೇಬರ ಮುಖ ಮೊದಲು ಬಿಳಚಿಕೊಂಡಿತು, ಆಮೇಲೆ ಅವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಎದ್ದು ನಿಂತು, "ಸರಿ. ಈಗ ಕೇಳ್ತೀನಿ. ರಾಯರೇ, ನಿಮ್ಮೂರಿಗೆ ಬೋರಿಂಗ್ ಬೇಕೇ?" ಎಂದರು.

"ಬ್ಯಾ..." ಎಂದಿತು ಬಸಂತರಾಯನ ನಾಲಿಗೆ.

ಗುರವ್ವ ಬರಿಗೊಡವನ್ನು ಅವನ ಕಡೆ ಚಾಚಿದಳು. ಬಾಗೇವಾಡಿ ಕಡೆಯ ಆ ಮುದುಕ ಕೋಲಿನ ಮೇಲೆ ಗದ್ದ ಊರಿಕೊಂಡು ಅವನನ್ನೇ ನೋಡುತ್ತಿದ್ದ.

"ಬೇಕ್ರಿ!" ಎಂದು ಬಸಂತರಾಯ ಕಿರುಚಿದ. ಹಳ್ಳದ ಜಾಲಿಯಿಂದ ಹಕ್ಕಿಗಳೆಲ್ಲ ಎದ್ದವು. "ಬೇಕ್ರಿ ಸಾಹೇಬ್ರ! ಭಾಳ ಬೇಕ್ರಿ!"

ಒಮ್ಮೆ ಕಟ್ಟು ಒಡೆದ ಮೇಲೆ ಕೇಳಬೇಕೆ! ಎಲ್ಲಿ ಹಾಕೋಣ ಎಂದು ಸಾಹೇಬರು ಕೇಳಿದ್ದೇ ತಡ, ರಾಚಪ್ಪನಿಗೆ ಅವನ ಮನೆಯ ಮುಂದೆ ಬೇಕು, ನನಗೆ ನನ್ನ ಅಂಗಡಿಯ ಮುಂದೆ ಬೇಕು, ಇನ್ನೊಬ್ಬನಿಗೆ ತನ್ನ ದನದ ಕೊಟ್ಟಿಗೆಯ ಮುಂದೆ ಬೇಕು. ಸಾಹೇಬರು ನಮ್ಮನ್ನು ಬಿಟ್ಟು ಹೆಂಗಸರ ಕಡೆ ತಿರುಗಿದರು. "ನೀವು ಹೇಳಿ ತಾಯಿ. ಹೊರೋರು ನೀವು." ನನ್ನ ತಾಯಿ, ಗುರವ್ವ, ಅಬಿದಾ ಮೂವರೂ ಮುಖ ಮುಖ ನೋಡಿಕೊಂಡರು. ಅವರದು ಮೊದಲೇ ಮಾತಾಗಿತ್ತೆಂದು ಆಗ ತಿಳಿಯಿತು. ಮೇಲಿನ ಓಣಿಗೂ ಕೆಳಗಿನ ಓಣಿಗೂ ನಡುವೆ, ಎಲ್ಲರಿಗೂ ಅಷ್ಟೇ ದೂರವಾಗುವ ಬೇವಿನ ಗಿಡದ ಹತ್ತಿರ. ಯಾರ ಮನೆಯ ಮುಂದೆಯೂ ಅಲ್ಲ. ಸಾಹೇಬರು "ಆಯ್ತು" ಎಂದರು. ನಮ್ಮ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಅದು ನ್ಯಾಯವಾಗಿಯೇ ಇತ್ತು.

ಸುಗ್ಗಿ ಮುಗಿಯುವ ಹೊತ್ತಿಗೆ ಯಂತ್ರ ಬಂತು. ಬೇವಿನ ಗಿಡದ ಹತ್ತಿರ ನೆಲ ಕೊರೆದು, ಸಿಹಿನೀರು ಚಿಮ್ಮಿ, ಹಿಡಿಕೆ ಜಗ್ಗಿದರೆ ಗಳಗಳ ಸುರಿಯತೊಡಗಿತು. ಗುರವ್ವ ತವರಿನ ವೈನಿಯನ್ನು ಕರೆಸಿ, ಒಂದು ಕೈಯಿಂದ ಜಗ್ಗುತ್ತ ಇನ್ನೊಂದು ಕೈಯಿಂದ ಬಾಯಿಗೆ ಅಡಿಕೆ ಹಾಕಿಕೊಂಡು ತೋರಿಸಿದಳು. ಬಸಂತರಾಯನ ಸಾರಿಗೆ ಉಪ್ಪು ಬಂತು.

ಉದ್ಘಾಟನೆಗೆ ಸಾಹೇಬರೇ ಬಂದರು. ಇಷ್ಟರಲ್ಲಿ ಅವರು ನಮ್ಮ ಕಡೆಯ ಮನುಷ್ಯರೇ ಆಗಿದ್ದರು, ರುಮಾಲೊಂದು ಇರಲಿಲ್ಲ, ಅಷ್ಟೆ. ಹೂ ಏರಿಸಿದರು, ನೀರು ಜಗ್ಗಿದರು, ಹೆಂಗಸರು ಹಾಡು ಹೇಳಿದರು. ಮಧ್ಯಾಹ್ನವಾಗಿತ್ತು. ಗುರವ್ವನ ಮನೆಯಿಂದ ಹೋಳಿಗೆಯ ವಾಸನೆ ಓಣಿ ತುಂಬಿತ್ತು.

ಬಸಂತರಾಯ ಮುಂದೆ ಬಂದು ಕೈ ಮುಗಿದ. "ಸಾಹೇಬ್ರ, ಊಟ ಮಾಡಿಕೊಂಡ ಹೋಗ್ರಿ."

ಸಾಹೇಬರು ಗಂಭೀರವಾಗಿ ಹೊಟ್ಟೆ ಸವರಿಕೊಂಡರು. ಅವರು ಕಲಿತದ್ದನ್ನು ಎಲ್ಲರಿಗೂ ತೋರಿಸಬೇಕಿತ್ತು. "ಬ್ಯಾಡ್ರಿ," ಎಂದರು, ನಮ್ಮದೇ ದನಿಯಲ್ಲಿ. "ಈಗ ಉಂಡ ಬಂದೇನಿ."

ಊರು ಮೆಚ್ಚಿ ತಲೆದೂಗಿತು. ನಾವೆಲ್ಲ ಎರಡನೆಯ ಕರೆಗೆ ಕಾದೆವು. ಸಾಹೇಬರು ಕಣ್ಣು ತಗ್ಗಿಸಿ, ನಾಚಿಕೆಯ ನಗು ತಂದುಕೊಂಡು ಕಾದರು.

ಬಸಂತರಾಯ ಅವರ ಕೈ ಹಿಡಿದು ಕುಲುಕಿದ. "ಆತ್ರಿ ಸಾಹೇಬ್ರ. ಬಲವಂತ ಮಾಡಬಾರದು. ನಿಮ್ಮ ಮಾತ ಕೊನೀ ಮಾತು." ನಮ್ಮ ಕಡೆ ತಿರುಗಿ, ಕಣ್ಣು ಅರ್ಧ ಮುಚ್ಚಿ, "ಸರಕಾರದ ರೀತಿ ಇದು. ಬ್ಯಾಡಂದ್ರ ಬ್ಯಾಡ. ಈಗ ನನಗ ತಿಳೀತು" ಎಂದ.

ಸಾಹೇಬರು ಜೀಪು ಹತ್ತಿದರು. ಬೇರೆ ದಾರಿ ಇರಲಿಲ್ಲ. ಜೀಪು ಹೊರಟಿತು, ಆದರೆ ಎಮ್ಮೆಗಿಂತ ನಿಧಾನ. ಹೋಳಿಗೆಯ ವಾಸನೆ ಇರುವವರೆಗೆ ಹೋಗಿ ನಿಂತಿತು. ಹಿಂದಕ್ಕೆ ಬಂತು. ಸಾಹೇಬರು ತಲೆ ಹೊರಗೆ ಹಾಕಿದರು.

"ರಾಯರೇ," ಎಂದರು, "ನೀವು ಇನ್ನೊಂದ ಸಲ ಕೇಳಬೇಕಾಗಿತ್ರಿ."

ಗುರವ್ವ ಆಗಲೇ ತಾಟು ಹಾಕಿದ್ದಳು. ಪಕ್ಕದಲ್ಲಿ ತುಂಬಿದ ಲೋಟವೂ ಇತ್ತು.